ಬೇರೆಯವರ ಪಾತ್ರೆ

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಚಹಾ ಆದ ಮೇಲೆ ನಾನು ಟ್ಯಾಬ್ಲೆಟ್ ತೆರೆದು ಒಂದು ಆನ್‌ಲೈನ್ ಗೇಮ್ ಆಡುತ್ತೇನೆ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಎಲ್ಲವೂ ಅಕ್ಷರ. 'ನಿಮ್ಮೆದುರು ಒಂದು ಡ್ರ್ಯಾಗನ್ ಇದೆ. ಅದಕ್ಕೆ ನೆಗಡಿಯಾಗಿದೆ. ಏನು ಮಾಡುತ್ತೀರಿ?' ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕತ್ತಿ ಎತ್ತುತ್ತೇನೆ ಎಂದು ಟೈಪ್ ಮಾಡಬಹುದು, ಕರ್ಚೀಫ್ ಕೊಡುತ್ತೇನೆ ಎಂದೂ ಮಾಡಬಹುದು. ನಾನು ಕರ್ಚೀಫ್ ಕೊಟ್ಟೆ. ಡ್ರ್ಯಾಗನ್ ಸೀನಿತು. ನನ್ನ ಹುಬ್ಬು ಸುಟ್ಟುಹೋಯಿತು, ಆದರೆ ಮ್ಯಾನರ್ಸ್‌ಗೆ ಬಹುಮಾನ ಬಂತು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ತೀರ ಪ್ರಾಪರ್. ಅದರಲ್ಲಿ ಸಿಲ್ಲಿಯಾಗಲು ಪರ್ಮಿಷನ್ ಇರಲಿಲ್ಲ. ಮದುವೆಯಾಗಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದ ಮೇಲೆ, ದೊಡ್ಡವರು ಬಂದಾಗಷ್ಟೇ ತೆಗೆಯುವ ಕಪ್-ಸಾಸರಿನಂತೆ ಅದು ಕಪಾಟಿನಲ್ಲೇ ಉಳಿಯಿತು. ದೊಡ್ಡವರು ಯಾರೂ ಬರಲಿಲ್ಲ.

ಗೇಮಿನಲ್ಲಿ ಬೇರೆ ಆಟಗಾರರೂ ಇರುತ್ತಾರೆ, ಎಲ್ಲರಿಗೂ ತಾವೇ ಇಟ್ಟುಕೊಂಡ ಹೆಸರು. ಶುರುವಿನಲ್ಲೇ ನಾನು ಒಂದು ಬಾತುಕೋಳಿಯೊಡನೆ ಕಾದಾಡಿ ಸೋತು ಬಿದ್ದಾಗ, ಪರಿಚಯವಿಲ್ಲದ ಒಬ್ಬರು ಪಾರ್ಸೆಲ್ ಕಳಿಸಿದರು: ಒಂದು ಪಾತ್ರೆ ಸೂಪ್. 'ಕುಡಿದರೆ ಶಕ್ತಿ, ಬೋರಲು ಹಾಕಿಕೊಂಡರೆ ಹೆಲ್ಮೆಟ್' ಎಂದು ಅದರ ವಿವರಣೆ. ಕುಡಿದೆ. ಖಾಲಿ ಪಾತ್ರೆ ನನ್ನ ಚೀಲದಲ್ಲಿ ಉಳಿಯಿತು.

ಚಿಕ್ಕೋಡಿಗೆ ಬರುವ ತನಕ ಕ್ವಾರ್ಟರ್ಸಿನಲ್ಲೇ ಬಾಳಿದವಳಿಗೆ ಇದು ಸಣ್ಣ ಮಾತಲ್ಲ. ಪಕ್ಕದ ಮನೆಯಿಂದ ಹುಗ್ಗಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಗೇಮಿನ ಸಂತೆಯಲ್ಲಿ ಹುಡುಕಿ, 'ಸ್ವಲ್ಪವೇ ಬಳಸಿದ ಗುಡುಗು' ಎಂಬ ವಸ್ತುವನ್ನು ಪಾತ್ರೆಗೆ ಹಾಕಿ ಕಳಿಸಿದೆ. ಕೆಲ ದಿನಕ್ಕೆ ಪಾತ್ರೆ ತಿರುಗಿ ಬಂತು, ಒಳಗೊಂದು ಸಿಟ್ಟಿನ ಈರುಳ್ಳಿ. 'ಖಾಲಿ ಕಳಿಸಲು ನಾಚಿಕೆಯಾಯಿತು' ಎಂಬ ಚೀಟಿ.

ಹೀಗೆ ಆ ಪಾತ್ರೆ ವರ್ಷಗಟ್ಟಲೆ ಓಡಾಡಿತು. ಚೀಟಿಗಳು ಉದ್ದವಾದವು. ಅವರು ಹೆಂಗಸೋ ಗಂಡಸೋ ನಾನು ಕೇಳಲಿಲ್ಲ. ನನ್ನ ಇಂಗ್ಲಿಷ್ ಜೋಕಿಗೆ ನಗುವವರೊಬ್ಬರು ಈ ವಯಸ್ಸಿನಲ್ಲಿ ಸಿಕ್ಕಿದ್ದರು, ಅಷ್ಟು ಸಾಕಾಗಿತ್ತು.

ಈ ಬೇಸಿಗೆಯಲ್ಲಿ ಅವರ ಸುದ್ದಿ ನಿಂತಿತು. ಪಾತ್ರೆ ನನ್ನಲ್ಲಿತ್ತು, ಕಳಿಸುವ ಪಾಳಿ ನನ್ನದು. ಅವರ ಹೆಸರಿನ ಮುಂದೆ ಗೇಮ್ ತನ್ನ ಎಂದಿನ ಧಾಟಿಯಲ್ಲಿ 'ಬಹಳ ದಿನದಿಂದ ನಾಪತ್ತೆ. ಯಾವುದೋ ಪ್ರಾಣಿ ನುಂಗಿರಬೇಕು' ಎಂದು ಬರೆದಿತ್ತು. ಆ ದಿನ ನನಗೆ ನಗು ಬರಲಿಲ್ಲ.

ಪಾರ್ಸೆಲ್ ಕಳಿಸಿದರೆ ಅವರ ಇಮೇಲ್‌ಗೆ ಸುದ್ದಿ ಮುಟ್ಟುತ್ತದೆ. ಮುಟ್ಟಿಯೂ ಉತ್ತರ ಬರದಿದ್ದರೆ? ಪಾತ್ರೆ ನನ್ನಲ್ಲಿರುವ ತನಕ ಅವರು ಮರಳಲು ಒಂದು ನೆಪವಾದರೂ ಇದೆ ಎಂದುಕೊಂಡು ಸುಮ್ಮನಿದ್ದೆ.

ಪಕ್ಕದ ಮನೆಯಾಕೆ, ಓಣಿಗೆಲ್ಲ ವೈನಿ, ಏಕಸಂಬಿಯವಳು, ಎಮ್ಮೆ ಕಟ್ಟಿದ್ದಾಳೆ. ಮೊಸರು ಕೊಡಲು ಬಂದಾಗ ಅವಳಿಗೆ ಎಲ್ಲ ಹೇಳಿದೆ.

"ಯಾವೂರವರ್ರಿ ಅವರು?"

"ಗೊತ್ತಿಲ್ಲ."

"ಖರೇ ಹೆಸರು?"

"ಅದೂ ಗೊತ್ತಿಲ್ಲ."

"ಅಯ್ಯ ಬಾಯಾರ! ಊರಿಲ್ಲ, ಹೆಸರಿಲ್ಲ, ಭಾಂಡಿ ಮಾತ್ರ ನಿಮ್ಮನ್ಯಾಗ! ಇದಕ್ಕ ಪೊಲೀಸ್ರು ಬ್ಯಾರೇನ ಅಂತಾರ್ರಿ."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳೇ ಅಂದಳು: "ಇಟ್ಕೊರ್ರಿ, ಬರ್ತಾರ. ನಮ್ಮತ್ತಿ ಬೇಕಂತ ಗೆಳತಿ ಭಾಂಡಿ ಇಟ್ಕೊಂತಿದ್ಲು. ಜಗಳಾಡಾಕರ ಬರ್ಲಿ ಅಂತ."

"ಬರ್ತಿದ್ದಳೇನು?"

"ದಿನಾ ಬರ್ತಿದ್ಲು, ಬೈಕೋಂತ. ಆದ್ರ ಅಕಿ ಮನಿ ಎದುರಿಗೇ ಇತ್ತ ಬಿಡ್ರಿ."

ಅವಳು ಹೋದ ಮೇಲೂ ಆ ಕೊನೆಯ ಮಾತು ನನ್ನೊಡನೆ ಕೂತಿತ್ತು. ನನ್ನ ಪಾತ್ರೆಯವರ ಮನೆ ಎದುರಿಗಿಲ್ಲ. ಎಲ್ಲಿದೆ ಎಂದೇ ತಿಳಿಯದು. ಅವರ ಬಾಗಿಲು ಬಡಿಯಲು ನನ್ನ ಕೈಯಲ್ಲಿರುವುದು ಆ ಪಾತ್ರೆಯೊಂದೇ, ಅದನ್ನೇ ಬಚ್ಚಿಟ್ಟುಕೊಂಡು ಕೂತಿದ್ದೇನೆ.

ಮೊದಲ ದಿನ ಬಂದಿದ್ದ ಅದೇ ಸೂಪನ್ನು ಹುಡುಕಿ ತುಂಬಿದೆ. ಚೀಟಿಯಲ್ಲಿ 'ಗೆಟ್ ವೆಲ್ ಸೂನ್' ಎಂದು ಬರೆದು ಅಳಿಸಿದೆ. ಕಾಯಿಲೆಯೋ ಏನೋ ನನಗೇನು ಗೊತ್ತು? ಕೊನೆಗೆ ಬರೆದೆ: 'ಬಿಸಿಯಿದೆ, ನೋಡಿಕೊಂಡು ಕುಡಿಯಿರಿ. ಪಾತ್ರೆ ನಿಮ್ಮಲ್ಲೇ ಇರಲಿ, ತಿರುಗಿ ಕಳಿಸುವ ಅವಸರವಿಲ್ಲ.'

ಪಾರ್ಸೆಲ್ ಹೋದಾಗಲೆಲ್ಲ ಗೇಮ್ ಒಂದೇ ಸಾಲು ಹೇಳುತ್ತದೆ: 'ನಿಮ್ಮ ಚೀಲ ಹಗುರಾಯಿತು. ನೀವು ಹಗುರಾಗಲಿಲ್ಲ.' ಈ ಸಲವೂ ಅದನ್ನೇ ಹೇಳಿತು.