ಫೋಟೋದಾಗಿನ ಮಕ್ಕಳು ಉಣ್ಣಂಗಿಲ್ಲ

ಮೊನ್ನೆ ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳದ ಹಿಟ್ಟು ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಚೆಲ್ಲಲು ಹೋದವಳು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟೆ. ಶಲವಡಿಯ ನಮ್ಮ ಬಾಜೂ ಮನೆಯ ಕಾಕು ನೆನಪಾದಳು…

ಎಪ್ಪತ್ತರ ದಶಕದ ಮಾತು. ನಾನು ಲಗ್ನವಾಗಿ ಆ ಊರಿಗೆ ಬಂದ ಹೊಸತು. ಕಾಕುವಿಗೆ ಗಂಡನಿಲ್ಲ, ಮಕ್ಕಳಿಲ್ಲ. ಎರೆ ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಅವಳ ಸಂಶಯಕ್ಕೆ ಸಿಗದವರು ಊರಲ್ಲೇ ಇರಲಿಲ್ಲ. ಹಾಲಿನವಳ ಚರಿಗೆಯಲ್ಲಿ ಬೆರಳು ಅದ್ದಿ ನೋಡುವಳು, ಸಂತೆಯಲ್ಲಿ ತಕ್ಕಡಿಯ ತಳ ಸವರಿ ನೋಡುವಳು. ನಂಬಿದ್ದು ನನ್ನ ಅತ್ತೆಯೊಬ್ಬಳನ್ನೇ. ದಿನಾ ಸಂಜೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಹುಬ್ಬಳ್ಳಿಯಿಂದ ಒಬ್ಬ ಮಾಸ್ತರು ಬರುತ್ತಿದ್ದರು. ತಂದೆ-ತಾಯಿ ಇಲ್ಲದ ಮಕ್ಕಳನ್ನು ಸಾಕುತ್ತೇವೆ ಎಂದು ಹೇಳಿ, ಮನೆಮನೆಯ ಜೋಳವನ್ನು ಚೀಲಕ್ಕೆ ತುಂಬಿ ಬಾಡಿಗೆಯ ಚಕ್ಕಡಿಯಲ್ಲಿ ಒಯ್ಯುತ್ತಿದ್ದರು. ಎಲ್ಲರೂ ಕೊಡುತ್ತಿದ್ದರು, ಕಾಕು ಒಬ್ಬಳನ್ನು ಬಿಟ್ಟು. ಅವರ ಇಸ್ತ್ರಿ ಮಾಡಿದ ಧೋತರ, ಎಣ್ಣೆ ಹಚ್ಚಿ ಬಾಚಿದ ಕೂದಲು, ಯಾವುದೂ ಅವಳಿಗೆ ಸರಿಬರಲಿಲ್ಲ.

“ಹಸದ ಹುಡುಗರ್ನ ಸಾಕಾಂವಗ ಅಷ್ಟು ಹೊಟ್ಟಿ ಹೆಂಗ ಬಂತು?” ಎನ್ನುವಳು.

ಆ ವರ್ಷ ಮಾಸ್ತರು ಸಾಲಾಗಿ ನಿಂತ ಮಕ್ಕಳ ಫೋಟೋ ತಂದು ತೋರಿಸಿದರು. ಕಾಕು ಅದನ್ನು ಬಿಸಿಲಿಗೆ ಹಿಡಿದು ನೋಡಿ ವಾಪಸು ಕೊಟ್ಟಳು.

“ಫೋಟೋದಾಗಿನ ಮಕ್ಕಳು ಉಣ್ಣಂಗಿಲ್ರಿ ಮಾಸ್ತರ. ಉಣ್ಣೂ ಮಕ್ಕಳ್ನ ತೋರಸ್ರಿ.”

“ಯಾವಾಗರ ಬರ್ರಿ ಅವ್ವಾರ, ನಿಮ್ಮದ ಮನಿ,” ಎಂದರು ಅವರು. ಅಷ್ಟು ಸಲೀಸಾಗಿ ಕರೆದದ್ದೂ ಅವಳಿಗೆ ಸಂಶಯವೇ. ಮಾಸ್ತರು ನಮ್ಮ ಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಚಕ್ಕಡಿಯ ಹತ್ತಿರ ಹೋಗಿ, ತುಂಬಿದ ಚೀಲವೊಂದರ ಮೂಲೆಗೆ ಕೆಂಪು ದಾರದ ಗಂಟು ಹಾಕಿ ಬಂದಳು. ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ಆ ಚೀಲ ಮಾರಾಟಕ್ಕೆ ಬಂದೇ ಬರುತ್ತದೆಂದು ಅವಳ ಲೆಕ್ಕ. ಸಂತೆಯ ದಿನ ಹೋಗಿ ಅಂಗಡಿ ಅಂಗಡಿ ಹೊಕ್ಕು ನೋಡಿದಳು. ಸಿಗಲಿಲ್ಲ.

“ಹುಬ್ಬಳ್ಳ್ಯಾಗ ಮಾರಿರಬೇಕು,” ಎಂದಳು. ನನ್ನತ್ತೆಗೆ, “ಯಕ್ಕಾ, ನಿನ್ನ ಸೊಸಿಗೆ ಬೋರ್ಡ್ ಓದಾಕ ಬರತೈತಿ, ಕಳಸು,” ಎಂದವಳೇ ನನ್ನ ಕಡೆ ತಿರುಗಿದಳು. “ಹೋಗೂಣು ನಡಿ ಬೇ.”

ಅಣ್ಣಿಗೇರಿಯಿಂದ ರೈಲು ಹತ್ತಿದೆವು. ಮಾಸ್ತರು ಹೇಳಿದ್ದ ಓಣಿಯಲ್ಲಿ ಕೇಳುತ್ತ ಕೇಳುತ್ತ ಒಂದು ಹೆಂಚಿನ ಮನೆ ಸಿಕ್ಕಿತು. ಬಾಗಿಲು ತೆರೆದವರು ಮಾಸ್ತರ ಹೆಂಡತಿ. ಕಾಕು ಸೀದಾ ಅಡುಗೆಮನೆ ಹೊಕ್ಕು ಗಡಿಗೆಯ ಮುಚ್ಚಳ ಎತ್ತಿ ನೋಡಿದಳು. ಪಡಸಾಲೆಯ ತುಂಬ ಮಕ್ಕಳು.

“ಇವರು ಇಲ್ಲೇ ಮಲಗತಾರೋ, ಓಣ್ಯಾಗಿಂದ ಕರಿಸೀರೋ?”

ಆಕೆ ಸಿಟ್ಟಾಗಲಿಲ್ಲ, ಗೋಡೆಗೆ ಒಟ್ಟಿದ್ದ ಹಾಸಿಗೆಗಳನ್ನು ತೋರಿಸಿದರು.

ಹಿತ್ತಲಲ್ಲಿ ಹೆಣ್ಣುಮಕ್ಕಳು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲೇ ಕೆಂಪು ದಾರದ ಚೀಲ ಬಾಯಿ ತೆರೆದು ಕೂತಿತ್ತು. ಕಾಕು ಒಂದು ಹಿಡಿ ತೆಗೆದು ಮೂಸಿದಳು. ಮುಗ್ಗಲು. ಕರಿ ಹುಳುಗಳು ಅವಳ ಅಂಗೈ ಮೇಲೆ ಹರಿದಾಡಿದವು.

“ಎಷ್ಟ ಆರಿಸಿದ್ರೂ ರೊಟ್ಟಿ ಕಹಿ ಆಗತಾವ್ರಿ ಅಜ್ಜಿ,” ಎಂದಳು ಒಬ್ಬ ಹುಡುಗಿ.

“ಇಂಥಾದ್ದು ಯಾಕ ತಂದ್ರಿ?” ಕಾಕು ಮಾಸ್ತರ ಹೆಂಡತಿಯನ್ನು ಕೇಳಿದಳು.

“ಕೊಟ್ಟದ್ದನ್ನ ಅಲ್ಲೇ ಮೂಸಿ ನೋಡಾಕ ಆಗತೈತೇನ್ರಿ? ಮುಂದಿನ ವರ್ಷ ಕೊಡೂದ ಬಿಡತಾರ.”

ವಾಪಸು ಬರುವಾಗ ಕಾಕು ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಅಣ್ಣಿಗೇರಿ ಬಂದಾಗ, “ಕಳ್ಳರು ಇದ್ದದ್ದು ಖರೆ. ನಾ ಬ್ಯಾರೆ ಓಣ್ಯಾಗ ಹುಡಕಿದೆ,” ಎಂದಳು.

ಊರಿಗೆ ಬಂದವಳು ಸೀದಾ ನಮ್ಮ ಕಟ್ಟೆಗೆ ಬಂದಳು.

“ಯಕ್ಕಾ, ಹಗೇವಿನ ತಳದ ಜ್ವಾಳ ಕೊಟ್ಟಿದ್ದಿ, ಹೌದಿಲ್ಲ?”

ಹಗೇವು ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಅದರ ತಳದ್ದು ದನಗಳಿಗೆ.

“ಎಲ್ಲಾರೂ ಅದನ್ನ ಕೊಡತಾರ,” ಎಂದಳು ಅತ್ತೆ. “ದಾನದ ಆಕಳ ಹಲ್ಲು ಯಾರರ ನೋಡತಾರೇನು?”

“ತಿನ್ನೂ ಹುಡುಗರಿಗೂ ಹಲ್ಲು ಅದಾವು, ಯಕ್ಕಾ.”

ಅತ್ತೆ ಎದ್ದು ಒಳಗೆ ಹೋದಳು. ಅಂದಿನಿಂದ ಕಟ್ಟೆಯ ಕೂಟ ನಿಂತಿತು.

ಮುಂದಿನ ಸುಗ್ಗಿಯಲ್ಲಿ ಮಾಸ್ತರ ಚಕ್ಕಡಿಯ ಜೊತೆ ಕಾಕು ತಾನೂ ನಡೆದಳು. ಮನೆಮನೆಯ ಜೋಳ ಮೂಸುವಳು, ಮುಗ್ಗಲು ಬಂದರೆ “ನೀ ಉಣತೀಯೇನು ಇದನ್ನ?” ಎಂದು ಬಾಗಿಲಲ್ಲೇ ವಾಪಸು ಸುರಿಯುವಳು. ಜನ ಬೈದರು, ಕೆಲವರು ಬಾಗಿಲು ಹಾಕಿಕೊಂಡರು. ಮಾಸ್ತರು ಕೈ ಮುಗಿದು, “ಅವ್ವಾರ, ಹಿಂಗಾದ್ರ ಚೀಲ ತುಂಬಂಗಿಲ್ರಿ,” ಎಂದರು. ಕಡಿಮೆ ಬಿದ್ದದ್ದನ್ನು ಅವಳೇ ತುಂಬಿದಳು, ಹೊಸ ಜೋಳ, ತನ್ನ ಊಟಕ್ಕೆ ಇಟ್ಟುಕೊಂಡಿದ್ದು. ತುಂಬುವಾಗಲೂ, “ಎಲ್ಲಾ ಅಲ್ಲೇ ಮುಟ್ಟತೈತಿ ಅನ್ನೂದಕ್ಕ ಏನ್ ಗ್ಯಾರಂಟಿ?” ಎಂದು ಅವರನ್ನು ಜಗ್ಗುತ್ತಿದ್ದಳು. ಪ್ರತಿವರ್ಷ ಹೇಳದೆ ಕೇಳದೆ ಹೋಗಿ ಗಡಿಗೆಯ ಮುಚ್ಚಳ ಎತ್ತಿ ಬರುತ್ತಿದ್ದಳು. ಮೆಲ್ಲಗೆ ಜನ ಹೊಸ ಜೋಳ ಕೊಡತೊಡಗಿದರು… ಕರುಣೆಯಿಂದಲೋ, ಅವಳ ಬಾಯಿಗೆ ಅಂಜಿಯೋ.

ಒಂದು ಮಳೆಗಾಲ ಕಾಕುವಿಗೆ ಜ್ವರ ಬಂತು, ಏಳಲಿಲ್ಲ. ಅತ್ತೆ ಹೆಣದ ಬಾಜೂ ಕೂತಳು. ಬದುಕಿದ್ದಾಗ ಬಿಟ್ಟ ಮಾತು ಆಗಲೂ ಬಾಯಿಗೆ ಬರಲಿಲ್ಲ.

ಸುಗ್ಗಿಗೆ ಬಂದ ಮಾಸ್ತರು ಬೀಗ ಹಾಕಿದ ಮನೆ ನೋಡಿ, ಚಕ್ಕಡಿಯ ನೊಗ ಹಿಡಿದು ನಿಂತರು.

“ಇನ್ನ ನನ್ನ ಮ್ಯಾಲೆ ಸಂಶಯ ಪಡವರು ಯಾರ್ರಿ?” ಎಂದರು. ಬಾಗಿಲಲ್ಲಿದ್ದ ಅತ್ತೆ ಮುಖಕ್ಕೆ ಸೆರಗು ಒತ್ತಿಕೊಂಡಳು.

ಅತ್ತೆಯೂ ಈಗಿಲ್ಲ. ಆ ಹೆಂಚಿನ ಮನೆಯ ಜಾಗದಲ್ಲಿ ಅಂಗಡಿಗಳು ಎದ್ದಿವೆ. ಮಕ್ಕಳ ಸಂಸ್ಥೆಯೊಂದಕ್ಕೆ ವರ್ಷಕ್ಕೊಮ್ಮೆ ನಾನೂ ಏನಾದರೂ ಕಳಿಸುತ್ತೇನೆ. ಸಭ್ಯವಾದ ಧನ್ಯವಾದ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಾಕು ಇದ್ದಿದ್ದರೆ ಇಷ್ಟೊತ್ತಿಗೆ ಅವರ ಬಾಗಿಲು ಬಡಿಯುತ್ತಿದ್ದಳು. ಅಷ್ಟು ಪ್ರೀತಿಯಿಂದ ಸಂಶಯ ಪಡುವವರನ್ನು ನಾನು ಮತ್ತೆ ಕಾಣಲಿಲ್ಲ.