ನಮ್ಮ ಅತ್ತೆಯ ಜಡೆ

ಒದ್ದೆಯಾದಾಗ ನಮ್ಮ ಅತ್ತೆಯ ಜಡೆ ತುಂಬಿದ ಕೊಡದಷ್ಟು ಭಾರವಾಗುತ್ತಿತ್ತು. ಹೆಣೆದ ಜಡೆಯಲ್ಲ, ಕೂದಲು ತಾನಾಗಿಯೇ ಗಂಟುಗಟ್ಟಿ, ಹಗ್ಗಗಳಂತೆ ಹೊಸೆದುಕೊಂಡು ಮೊಣಕಾಲಿನವರೆಗೆ ಇಳಿದಿದ್ದ ಜಡೆ. ಬುಡದಲ್ಲಿ ನರೆತ ಬಿಳುಪು, ನಡುವೆ ಕಪ್ಪು, ತುದಿಯಲ್ಲಿ ತೆಂಗಿನ ನಾರಿನ ಬಣ್ಣ. ಒಣಗಿದ ಮೇಲೆ ಅದನ್ನು ಸಿಂಬಿಯಂತೆ ಸುತ್ತಿ ನೆತ್ತಿಯ ಮೇಲಿಟ್ಟು, ಹಳೆಯ ಸೀರೆಯ ತುಂಡಿನಿಂದ ಕಟ್ಟಿಕೊಂಡರೆ ಕುಳ್ಳಗಿದ್ದ ಅತ್ತೆ ನನಗಿಂತ ಎತ್ತರ ಕಾಣುತ್ತಿದ್ದರು.

ನಾನು ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಮಾರಿಕುಪ್ಪಂನ ಚಿನ್ನದ ಗಣಿಯವರ ಸಾಲುಮನೆಗಳ ಲೈನಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ತಗಡಿನ ಸೂರಿನ ಒಂದೇ ಕೋಣೆ, ಮುಂದೊಂದು ಸಣ್ಣ ಜಗಲಿ. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ, ಮೂರೇ ಜನ. ಮಾವ ಗಣಿಯೊಳಗೆ ಕಲ್ಲು ಕೊರೆಯುವ ಕೆಲಸದಲ್ಲಿದ್ದು, ಎದೆಗೆ ದೂಳು ಹತ್ತಿ, ನಾನು ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ನನ್ನನ್ನು ಕಳಿಸುವಾಗ ನಮ್ಮಮ್ಮ ಹೆದರಿಸಿಯೇ ಕಳಿಸಿದ್ದಳು: “ಜಡೆ ಬಂದಿರೋ ಅತ್ತೆ ಕಣಮ್ಮ. ಅಮ್ಮನೋರು ತಲೆ ಮೇಲವಳೆ. ಎದುರು ಮಾತಾಡ್ಬೇಡ.”

ಹಾಗೆ ನಂಬಿದವಳು ನಮ್ಮಮ್ಮ ಒಬ್ಬಳೇ ಅಲ್ಲ. ಪ್ರತಿ ಶುಕ್ರವಾರ ಲೈನಿನ ಹೆಂಗಸರು ಸ್ನಾನ ಮಾಡಿ ಬಂದು ಅತ್ತೆಯ ಜಡೆಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ತಮಿಳಿನವರು, ತೆಲುಗಿನವರು, ನಮ್ಮವರು ಎಂಬ ಭೇದವಿರಲಿಲ್ಲ. ಅತ್ತೆ ಗೋಡೆಗೆ ಒರಗಿ, ಯಾರ ಮುಖವನ್ನೂ ನೋಡದೆ, ಸೆರಗಿನ ಅಂಚು ಮಡಿಸುತ್ತಾ ಕೂತಿರುತ್ತಿದ್ದರು. ಮೈಮೇಲೆ ದೇವರು ಬಂದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಎಲ್ಲರೂ ಹೋದ ಮೇಲೆ, “ಕುಂಕುಮ ಒಳಗೆ ಓಗಿ ಕಡೀತದೆ. ಒಸಿ ಕೊಡವಮ್ಮ” ಅನ್ನುತ್ತಿದ್ದರು. ಹಾಗೆ ಕೊಡವುತ್ತಲೇ ನನ್ನ ಭಯ ಹೋಯಿತು.

ಜಡೆಯನ್ನು ನೋಡಿಕೊಳ್ಳುವುದು ಮಗುವನ್ನು ನೋಡಿಕೊಂಡ ಹಾಗೆ. ಸೀಗೆಪುಡಿ ಹಾಕಬಾರದು, ಒಳಗೆ ಕೂತರೆ ಹೊರಬರುವುದಿಲ್ಲ. ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದ ನೀರೇ ಆಗಬೇಕು. ಚಿನ್ನ ತೆಗೆದು ಉಳಿದ ಮಣ್ಣು ಸುರಿದಿದ್ದ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸುವ ಕಾಲದಲ್ಲಿ ಆ ಬೂದಿಬಣ್ಣದ ದೂಳು ಜಡೆಯೊಳಗೆಲ್ಲ ಇಳಿದು, ಎಷ್ಟು ತೊಳೆದರೂ ಕೆಸರು ನೀರೇ ಹರಿಯುತ್ತಿತ್ತು. ತೊಳೆದಾದ ಮೇಲೆ ಒಂದೊಂದೇ ಎಳೆಯನ್ನು ಹತ್ತಿಯ ಸೀರೆಯಲ್ಲಿ ಸುತ್ತಿ ಹಿಂಡಬೇಕು. ಬಿಸಿಲಿನಲ್ಲಿ ಜಗಲಿಯ ಮೇಲೆ ಹರವಿ, ಹಪ್ಪಳ ತಿರುವಿದಂತೆ ತಿರುವುತ್ತಿರಬೇಕು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಜಡೆ ಇಟ್ಟು ಹೊಗೆ ಕೊಡಬೇಕು. ಒಳಗೆ ತೇವ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ಬೇವಿನೆಣ್ಣೆ ಬುಡಕ್ಕೆ ಮಾತ್ರ. ಹೊಸದಾಗಿ ಹುಟ್ಟುವ ಕೂದಲು ಪಕ್ಕದ ಎಳೆಗೆ ಅಂಟಿಕೊಳ್ಳದ ಹಾಗೆ ಬೆರಳಿನಿಂದ ಬಿಡಿಸುತ್ತಿರಬೇಕು.

“ಎಳೀಬೇಡ. ಕೇಳಿ ಕೇಳಿ ಬಿಡ್ಸು” ಅನ್ನುತ್ತಿದ್ದರು ಅತ್ತೆ. ಅವರ ತಲೆ ನನ್ನ ತೊಡೆಯ ಮೇಲಿರುವಾಗಲೇ ನಾವಿಬ್ಬರೂ ಮಾತಾಡುತ್ತಿದ್ದೆವು. ನನ್ನ ತವರಿನ ಎಮ್ಮೆಯ ಸುದ್ದಿ, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಸುದ್ದಿ. ಮಾವನ ಸುದ್ದಿ ಮಾತ್ರ ಬರುತ್ತಿರಲಿಲ್ಲ.

ನಾನು ಬಂದು ಕೆಲವು ವರ್ಷಗಳಾದ ಮೇಲೆ, ಬಂಗಾರಪೇಟೆ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ತನ್ನ ಸೊಸೆಯನ್ನು ಕರೆದುಕೊಂಡು ಬೆಳಗಿನ ರೈಲಿಗೆ ಬಂದಳು. ಹುಡುಗಿಗೆ ಹೆಚ್ಚೆಂದರೆ ಹದಿನೆಂಟು. ಹೆತ್ತ ಮಗು ಉಳಿದಿರಲಿಲ್ಲ. ಜ್ವರದಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದಿದ್ದಳು. ಸೆರಗು ಸರಿಸಿದಾಗ ನೋಡಿದರೆ ತಲೆಯ ಹಿಂಭಾಗವೆಲ್ಲ ಒಂದೇ ಗಂಟು.

ಆ ಹೆಂಗಸು ಹೇಳಿದಳು: “ನಮ್ಮನೇಗೆ ಅಮ್ಮ ಬಂದವಳೆ ತಾಯೀ. ಇವಳಿಗೆ ಬೇರೆ ಗುಡಿಸ್ಲು ಹಾಕ್ಸಿ ಪೂಜೆ ಮಾಡ್ತೀವಿ. ಅಮ್ಮ ಬಂದೋಳು ಗಂಡನ ಜತೆ ಇರಕಾಗಲ್ವಲ್ಲ, ಮಗನಿಗೆ ಇನ್ನೊಂದು ಹೆಣ್ಣು ನೋಡಿದೀವಿ. ನೀವು ಒಂದು ಸಲ ಮುಟ್ಟಿ ಹರಸಿ.”

ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡು, ಗಂಟಿನೊಳಗೆ ಬೆರಳಾಡಿಸಿ ನೋಡಿದರು. “ನಿನ್ ಗಂಡ ಏನಂತಾನಮ್ಮ?” ಎಂದು ಕೇಳಿದರು.

“ಅಳ್ತಾನೆ” ಎಂದಳು ಹುಡುಗಿ.

ಅತ್ತೆ ತಲೆಯೆತ್ತಿ ಆ ಹೆಂಗಸಿಗೆ ಹೇಳಿದರು: “ಇದು ಅಮ್ಮ ಅಲ್ಲ. ಬಾಣಂತಿ ತಲೇಗೆ ಯಾರೂ ಎಣ್ಣೆ ಒತ್ತಿಲ್ಲ, ಅಷ್ಟೇ. ಇವಳ್ನ ಇಲ್ಲಿ ಬಿಟ್ಟು ನೀನು ಊರಿಗೆ ಓಗಿ ನಾಳೆ ಸಾಯಂಕಾಲ ಬಾ.”

ನನ್ನ ಕೈಲಿ ಹರಳೆಣ್ಣೆ ಬಿಸಿ ಮಾಡಿಸಿದರು. ಗಂಟು ಎಣ್ಣೆ ಕುಡಿದು ಮೆತ್ತಗಾಗುವವರೆಗೆ ಬಿಟ್ಟು, ದಬ್ಬಣದ ಮೊಂಡು ತುದಿಯಿಂದ ಒಂದೊಂದೇ ಎಳೆ ಬಿಡಿಸಲು ಕೂತರು. ಒಂದು ಕಡೆ ಅವರು, ಒಂದು ಕಡೆ ನಾನು. ಮಧ್ಯಾಹ್ನ ಶುರು ಮಾಡಿದ್ದು ಮರುದಿನ ಮಧ್ಯಾಹ್ನ ಮುಗಿಯಿತು. ಬಿಡಿಸುತ್ತಿದ್ದಂತೆ ಹುಡುಗಿ ಸತ್ತ ಮಗುವಿನ ಮಾತು ತೆಗೆದಳು. ಅದರ ಕಿವಿ ಹೇಗಿತ್ತು, ಉಗುರು ಹೇಗಿತ್ತು ಎಂದು ಹೇಳುತ್ತಾ ಹೋದಳು. ಅಲ್ಲಿಯವರೆಗೆ ಯಾರೂ ಅವಳ ಹತ್ತಿರ ಅದನ್ನು ಕೇಳಿರಲಿಲ್ಲವಂತೆ. ಅರ್ಧಕ್ಕರ್ಧ ಕೂದಲು ಉದುರಿಹೋಯಿತು. ಉಳಿದದ್ದನ್ನು ಬಾಚಿ, ಸಣ್ಣ ಜಡೆ ಹಾಕಿ, ಅದಕ್ಕೆ ಕನಕಾಂಬರ ಮುಡಿಸಿ ಅತ್ತೆ ಅವಳನ್ನು ಕಳಿಸಿದರು. ಕರೆದೊಯ್ಯಲು ಬಂದದ್ದು ಅವಳ ಗಂಡ. ಅವನು ಜಗಲಿ ಹತ್ತಲಿಲ್ಲ. ಕೆಳಗೆ ನಿಂತೇ ಅತ್ತೆಗೆ ಕೈ ಮುಗಿದ.

ಆ ಹುಡುಗಿಯ ಅತ್ತೆ ಸುಮ್ಮನಿರಲಿಲ್ಲ. ಬಂದಿದ್ದ ಅಮ್ಮನನ್ನು ಆ ಜಡೆಯವಳು ಓಡಿಸಿದಳು ಎಂಬ ಮಾತು ರೈಲಿನಲ್ಲೇ ನಮ್ಮ ಲೈನಿಗೆ ಬಂತು. ಶುಕ್ರವಾರದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಪಕ್ಕದ ಮನೆಯ ತಮಿಳಿನ ಅಕ್ಕ ಒಬ್ಬಳು ಮಾತ್ರ ಮೊದಲಿನ ಹಾಗೇ ಬಂದು ಬೆಂಕಿ ಕೇಳುತ್ತಿದ್ದಳು. ಅತ್ತೆ, “ಶುಕ್ರವಾರ ಬಟ್ಟೆ ಒಗೆಯಕ್ಕೆ ಪುರುಸೊತ್ತಾಯ್ತು ಬಿಡು” ಎಂದು ನಕ್ಕರು.

ಆ ದಿನಗಳಲ್ಲೇ ಒಮ್ಮೆ, ಜಡೆ ಹಿಂಡುತ್ತಾ ಕೇಳಿದೆ: “ಆ ಉಡ್ಗೀದು ಬಿಡ್ಸಿದ್ರಲ್ಲ ಅತ್ತೆ, ನಿಮ್ದು ಯಾಕೆ ಬಿಟ್ಕೊಂಡಿದೀರ?”

ಅವರು ಬೀದಿಯ ಕಡೆ ನೋಡುತ್ತಲೇ ಹೇಳಿದರು.

“ನಿಮ್ಮಾವಂಗೆ ಕೊನೇ ವರ್ಸ ಮಲಗಕ್ಕೂ ಆಗ್ತಿರ್ಲಿಲ್ಲ. ಉಸ್ರು ಸಿಗ್ದಿದ್ದಾಗ ಏನಾದ್ರೂ ಇಡ್ಕೊಬೇಕು ಅನ್ನೋರು. ನಾನು ಒರಗಿಸ್ಕೊಂಡು ಕೂತಿರ್ತಿದ್ದೆ. ಕೈಗೆ ನನ್ ಕೂದ್ಲು ಸಿಕ್ತು. ಬಿಡ್ಸಕ್ಕೆ ಓದ್ರೆ ಎದ್ರಿಕೊಳ್ಳೋರು. ಬಾಚೋದು ಬಿಟ್ಬಿಟ್ಟೆ. ಜೀವ ಓದಾಗ್ಲೂ ಮುಷ್ಟಿಯೊಳಗೆ ಇತ್ತು.”

ಅವರು ಮುಂದುವರಿಸಿದರು: “ಎಂಗಸ್ರು ಬಾಚಣಿಗೆ ಇಡ್ಕೊಂಡು ಬಂದ್ರು. ಇಳೀಲಿಲ್ಲ. ಕತ್ತರಿ ತತ್ತೀನಿ ಅಂದ್ಲು ಒಬ್ಳು. ಅಷ್ಟ್ರಲ್ಲಿ ಯಾರೋ ಮುದುಕಿ, ಮುಟ್ಬೇಡ್ರೇ, ಅಮ್ಮ ಬಂದವಳೆ ಅಂದ್ಲು. ನಾನು ಊಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಅಮ್ಮ ಅಂದ್ರೆ ಯಾರೂ ಕತ್ತರಿ ತರಲ್ಲ. ಗಂಡ ಇಡ್ಕೊಂಡಿದ್ ಕೂದ್ಲು ಅಂದಿದ್ರೆ ಅವತ್ತೇ ಕತ್ತರಿಸಿ ಬಿಸಾಕೋರು.” ಆಮೇಲೆ ನನ್ನ ಕಡೆ ತಿರುಗಿ, “ಇದ್ನ ನನ್ ಮಗಂಗೆ ಏಳ್ಬೇಡ. ಆಗ ಅವನಿನ್ನೂ ಚಿಕ್ಕೋನು. ಅಪ್ಪ ಅಷ್ಟು ಕಷ್ಟ ಪಟ್ಟಿದ್ದು ಅವ್ನಿಗೆ ಗೊತ್ತಿಲ್ಲ” ಎಂದರು.

ಅರವತ್ತರ ದಶಕದ ನಡುವಿನಲ್ಲಿ ಅತ್ತೆಯ ಕುತ್ತಿಗೆ ಸೋತಿತು. ತಲೆ ಎತ್ತಿದರೆ ಕಣ್ಣು ಕತ್ತಲಿಡುತ್ತಿತ್ತು. ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮಾತಿನಲ್ಲೇ, ಭಾರ ಇಳಿಸಿದರೆ ನೋವು ಕಡಿಮೆಯಾದೀತು ಎಂದರು. ಕತ್ತರಿಸೋಣ ಎಂದು ನಮ್ಮ ಮನೆಯವರು ಅತ್ತೆಯ ಕಾಲು ಹಿಡಿದು ಬೇಡಿಕೊಂಡರು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಒಲ್ಲೆ ಎಂದು ಕೈಯಾಡಿಸಿದರು. ಅಂದಿನಿಂದ ಅವರು ಕೂತಾಗಲೆಲ್ಲ ನಾನು ಹಿಂದೆ ಕೂತು ಜಡೆಯನ್ನು ನನ್ನ ಮಡಿಲಿಗೆ ಎತ್ತಿಕೊಳ್ಳುತ್ತಿದ್ದೆ. ಭಾರ ನನ್ನ ಮೇಲಿದ್ದಾಗ ಅವರು ಒಂದಿಷ್ಟು ಗಂಜಿ ಕುಡಿಯುತ್ತಿದ್ದರು.

ಆ ಕೊನೆಯ ತಿಂಗಳುಗಳಲ್ಲಿ ನನಗೆ ನನ್ನ ತಲೆಯ ಕಡೆ ಗಮನವೇ ಇರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಗಂಜಿಯ ಲೋಟ ಪಕ್ಕಕ್ಕೆ ಸರಿಸಿ, “ಮೊದ್ಲು ತಲೆ ಬಾಚ್ಕೊಂಡು ಬಾ” ಎಂದರು. ಆಮೇಲೆ ಬಾಚ್ಕೊತೀನಿ ಅಂದರೆ ಒಪ್ಪಲಿಲ್ಲ. “ನಾನು ಓದ್ಮೇಲೂ ಬಾಚ್ಕೊಬೇಕು. ನಂದೊಂದು ಸಾಕು ಈ ಮನೇಲಿ.” ಬಾಚಿ ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದು, ಆಮೇಲೆ ಗಂಜಿ ಕುಡಿದರು.

ಒಂದು ಮಧ್ಯಾಹ್ನ, ಜಡೆ ನನ್ನ ಮಡಿಲಲ್ಲಿರುವಾಗಲೇ ಹೋದರು. ನಿದ್ದೆ ಹತ್ತಿತು ಅಂದುಕೊಂಡು ನಾನು ಅಲುಗಾಡದೆ ಬಹಳ ಹೊತ್ತು ಕೂತೇ ಇದ್ದೆ.

ಲೈನಿನ ಹಿರಿಯ ಹೆಂಗಸರು ಬಂದರು. ಜಡೆ ಮಣ್ಣಿಗೆ ಹೋಗಬಾರದು, ಕತ್ತರಿಸಿ ಅಮ್ಮನ ಗುಡಿಗೆ ಒಪ್ಪಿಸಬೇಕು ಎಂದರು. ಒಬ್ಬಳು ಕತ್ತರಿಯನ್ನೂ ತಂದಳು. ನಾನು ನಮ್ಮ ಮನೆಯವರನ್ನು ಹೊರಗೆ ಕರೆದು, ಹೇಳಬೇಡ ಎಂದಿದ್ದ ಮಾತನ್ನು ಹೇಳಿದೆ. ಅವರು “ಅಪ್ಪ ಇಡ್ಕೊಂಡಿದ್ದಾ?” ಎಂದು ಒಂದೇ ಮಾತು ಕೇಳಿದರು. ಒಳಗೆ ಹೋಗಿ ಅತ್ತೆಯ ತಲೆಯ ಬಳಿ ಕೂತು, ಜಡೆಯ ಮೇಲೆ ಕೈಯಿಟ್ಟು, ಆ ಹೆಂಗಸರಿಗೆ ಮೆಲ್ಲಗೆ ಹೇಳಿದರು: “ಕತ್ತರಿ ಒಳಗಿಡಮ್ಮ. ಅಂಗೇ ಓಗ್ಲಿ ನಮ್ಮವ್ವ.”

ಅತ್ತೆಯನ್ನು ಇದ್ದ ಹಾಗೇ ಮಣ್ಣು ಮಾಡಿದೆವು.

ಮರುದಿನ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದೆ. ಸೂತಕದ ಮನೆಯಲ್ಲಿ ಸೊಸೆ ಕೂದಲು ಬಾಚುತ್ತಿದ್ದಾಳೆ ಎಂದು ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಕಣ್ಣೀರಿಗೆ ಬೈತಲೆ ಸರಿಯಾಗಿ ಕಾಣುತ್ತಿರಲಿಲ್ಲ. ಬೆರಳಿನಿಂದ ಹುಡುಕಿ ತೆಗೆದು, ಕೊನೆಯವರೆಗೂ ಬಾಚಿ, ಜಡೆ ಹಾಕಿಕೊಂಡು, ಒಲೆ ಹಚ್ಚಲು ಒಳಗೆ ಹೋದೆ.