ಸಾಬವ್ವನ ಅತ್ತೆಯ ರಕ್ತ

ಯೆರವಡಾದ ತಗಡಿನ ಮನೆಗಳ ಸಾಲಿನಲ್ಲಿ ಸಾಬವ್ವನ ಬಾಯಿಗೆ ಹೆದರದವರಿಲ್ಲ. ಆದರೂ ಆ ಬಾಯಿ ಒಂದು ಸಂಗತಿಯನ್ನು ಇಪ್ಪತ್ತೈದು ವರ್ಷ ಬಚ್ಚಿಟ್ಟುಕೊಂಡಿತ್ತು. ಅವಳ ಗಂಡ ಅವ್ವಣ್ಣ ಅವಳ ತಾಯಿಯ ಒಡಹುಟ್ಟಿದ ತಮ್ಮ. ಯಾದಗಿರಿ ಕಡೆ ಅದು ಹೆಮ್ಮೆಯ ಸಂಬಂಧ. ಗಾರೆ ಕೆಲಸಕ್ಕೆ ಪುಣೆಗೆ ಬಂದ ಹೊಸದರಲ್ಲಿ ನಲ್ಲಿಯ ಹತ್ತಿರ ಹೇಳಿಕೊಂಡಳು ನೋಡಿ, ಮರಾಠಿ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. "ಸ್ವಂತ ಮಾಮಾನ ಜೊತೆ ಲಗ್ನವೇ?" ಅಂದಿನಿಂದ ಸಾಬವ್ವ ಆ ಮಾತು ಎತ್ತಿರಲಿಲ್ಲ.

ಹೋದ ವರ್ಷ ದವಾಖಾನೆಯವರು ಮನೆಮನೆಗೆ ಬಂದರು. ಎದೆಯ ಕ್ಯಾನ್ಸರ್ ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆಂದು ಹುಡುಕುವವರು. ರಕ್ತಸಂಬಂಧದಲ್ಲಿ ಇಬ್ಬರಿಗೆ ಆ ರೋಗ ಬಂದಿದ್ದರೆ ಪರೀಕ್ಷೆ ಪುಕ್ಕಟೆ. ಮರಾಠಿ ಹುಡುಗಿಯೊಬ್ಬಳಿಗೆ ಸಾಬವ್ವ ಬರೆಸಿದಳು: ಅವ್ವ ಐವತ್ತೆರಡಕ್ಕೆ ಹೋದಳು, ಅತ್ತೆ ಮರೆಮ್ಮ ನಲವತ್ತಕ್ಕೇ.

ಈಗ ಉತ್ತರ ಬಂದಿತ್ತು. ಸಾಬವ್ವನಿಗೆ ರಕ್ತಸಂಬಂಧದಲ್ಲಿ ಒಬ್ಬರೇ, ಹಾಗಾಗಿ ಅವಳಿಗೂ ಮಗಳು ಅನುಸೂಯಾಳಿಗೂ ಪರೀಕ್ಷೆ ಇಲ್ಲ.

ಸಾಬವ್ವ ಗಂಡನನ್ನು ಎಳೆದುಕೊಂಡು ದವಾಖಾನೆಗೆ ನುಗ್ಗಿದಳು. ಮೇಜಿನ ಹಿಂದೆ ಕುಳಿತ ಸಂಶೋಧಕಿ ರಂಜಿನಿ ಮೈಸೂರಿನವಳು.

"ಅತ್ತೆ ಅಂದ್ರೆ ಹಸ್ಬೆಂಡ್ ಕಡೆ ಅಲ್ವಾಮ್ಮ? ಬ್ಲಡ್ ರಿಲೇಶನ್ ಆಗಲ್ಲ," ಎಂದಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ನಮ್ಮವ್ವನ್ನ ಹಡದಾಕಿನೂ ಅಕಿನೇ ರೀ! ಈತ ನನ್ನ ಸ್ವಾದರಮಾವ. ಅತ್ತಿ ಆದಕೂಡ್ಲೆ ಅಕಿ ರಕ್ತ ನೀರಾತೇನು?"

ರಂಜಿನಿಯ ಕೈ ನಿಂತಿತು. "ಮೊದಲೇ ಹೇಳ್ಬೇಕಿತ್ತಲ್ಲಮ್ಮ..."

"ಹೇಳಿದ್ರ ನಗ್ತಾರ, ಹೇಳದಿದ್ರ ಕೇಳಂಗಿಲ್ಲ! ಆ ಹುಡುಗಿಗಿ ತಿಳೀಲಿಲ್ಲ, ಬಿಡ್ರಿ. ನೀವು ಕನ್ನಡದಾಕಿ! ನಿಮ್ಮ ಕಡಿ ಅಕ್ಕನ ಮಗಳನ್ನ ಮಾಡ್ಕೊಳ್ಳಂಗಿಲ್ಲೇನು? ಒಂದು ಮಾತು ಕೇಳಿದ್ರ ನಿಮ್ಮ ಬಾಯಿ ಸವೀತಿತ್ತೇನು?"

"ನಮ್ಮ ತಾತನೂ ಅಜ್ಜಿಗೆ ಸೋದರಮಾವನೇ," ಎಂದಳು ರಂಜಿನಿ, ಸಣ್ಣ ದನಿಯಲ್ಲಿ. "ನಂಗೆ ಹೊಳೀಲೇ ಇಲ್ಲ. ಈ ಕಂಪ್ಯೂಟರಲ್ಲಿ ಒಬ್ಬರನ್ನ ಒಂದೇ ಸಂಬಂಧದಲ್ಲಿ ಹಾಕೋಕೆ ಆಗೋದು."

"ಹಂಗಾರ ಅದನ್ನ ಆಕಡಿ ಸರಿಸ್ರಿ. ಕೈಲೆ ಬರೀರಿ."

ರಂಜಿನಿ ಬಿಳಿ ಹಾಳೆ ತೆಗೆದಳು. ಮೇಲೆ ಮರೆಮ್ಮ. ಅವಳಿಂದ ಒಂದು ಗೆರೆ ಮಗಳಿಗೆ, ಅಲ್ಲಿಂದ ಸಾಬವ್ವನಿಗೆ. ಇನ್ನೊಂದು ಗೆರೆ ಮಗ ಅವ್ವಣ್ಣನಿಗೆ. ಎರಡೂ ಗೆರೆಗಳು ಕೆಳಗಿಳಿದು ಅನುಸೂಯಾಳ ಹೆಸರಿಗೇ ಬಂದು ಕೂಡಿದವು. ಸಾಬವ್ವ ಆ ಹೆಸರಿನ ಮೇಲೆ ಬೆರಳಿಟ್ಟಳು. ರೋಗ ಬರಲು ಎರಡು ದಾರಿ ಇದ್ದ ಹುಡುಗಿಗೆ ಇವರು ಪರೀಕ್ಷೆಯೇ ಬೇಡ ಅಂದಿದ್ದರು!

"ಗಂಡಸರಿಂದಲೂ ಮಕ್ಕಳಿಗೆ ಬರಬಹುದು," ಎಂದಳು ರಂಜಿನಿ. "ಮೂವರದೂ ರಕ್ತ ಬೇಕು."

ಅವ್ವಣ್ಣ ಎದ್ದು ನಿಂತ. "ಹೆಂಗಸರ ಬ್ಯಾನಿಗಿ ನನ್ನ ರಕ್ತ ಯಾಕ್ರಿ?"

"ನಿಮ್ಮವ್ವನ ಮನಿ ಪಾಲು ಕೇಳಾಕ ಎಲ್ಲಾರಗಿಂತ ಮುಂದಿದ್ದಿ, ಮಾವ. ಇದ್ರಾಗೂ ನಿಂದೊಂದು ಪಾಲದ. ಏರಿಸು ತೋಳು!"

ಅವ್ವಣ್ಣ ತೋಳೇರಿಸಿ ಕುಳಿತ. ಸೂಜಿ ಹಿಡಿದ ಮರಾಠಿ ನರ್ಸ್, ಇವರು ನಿಮಗೇನಾಗಬೇಕು ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಅವಳದೇ ಮರಾಠಿಯಲ್ಲಿ ಸಾಬವ್ವ ಹೇಳಿದಳು:

"ನನ್ನ ಗಂಡ. ನನ್ನ ಮಾಮಾ. ಎರಡನ್ನೂ ಬರಕೋ."